ನೆಲದ ದಾರಿ ಮರೆತ ಬೇರುಗಳು

ಲೆಚ್ಚೆ ಊರಿನ ಸಸ್ಯ ಪ್ರಯೋಗಾಲಯದಲ್ಲಿ ಅಸುಂತಾ ಹದಿನಾರು ವರ್ಷದಿಂದ ಮೆಕ್ಕೆಜೋಳದ ಮೊಳಕೆಗಳನ್ನು ಅಡ್ಡ ಮಲಗಿಸಿ, ಬೇರು ಎಷ್ಟು ಹೊತ್ತಿಗೆ ಎಷ್ಟು ಬಾಗಿ ನೆಲದ ಕಡೆ ತಿರುಗುತ್ತದೆಂದು ಅಳೆಯುತ್ತಿದ್ದಳು. ವಿಟಮಿನ್ ಸಿ ಕುಡಿದ ಬೇರಿನ ನಡತೆ ಏನಾದೀತು ಎಂಬ ಪ್ರಶ್ನೆಯನ್ನು ಮೊದಲು ಎತ್ತಿದವಳೂ ಅವಳೇ. ಆದರೆ ಪ್ರೊಫೆಸರ್ ಕ್ವಾರ್ತಾ ಆ ಕೆಲಸವನ್ನು ಬ್ರಿಂದಿಸಿಯಿಂದ ಬಂದ ಇಪ್ಪತ್ತಾರರ ನೊಯೆಮಿಗೆ ಕೊಟ್ಟುಬಿಟ್ಟರು.

"ಹೊಸ ಕಣ್ಣು ಬೇಕಿತ್ತು ಅಸುಂತಾ. ಬೇಜಾರು ಮಾಡ್ಕೋಬೇಡ."

"ನಂಗ್ಯಾಕೆ ಬೇಜಾರು? ನನ್ನ ಕಣ್ಣಿಗೆ ಕನ್ನಡಕ ಬಂದಿದೆಯಲ್ಲ," ಎಂದು ಅಸುಂತಾ ನಕ್ಕಳು. ಅಳತೆಯ ಪುಸ್ತಕವನ್ನು ಮಾತ್ರ ದಪ್ಪನೆ ಮುಚ್ಚಿದಳು.

ನೊಯೆಮಿ ಕೆಟ್ಟವಳಾಗಿದ್ದರೆ ಅವಳನ್ನು ದ್ವೇಷಿಸುವುದು ಸುಲಭವಿತ್ತು. ಮಧ್ಯಾಹ್ನ ಗಟ್ಟಿ ಒಣರೊಟ್ಟಿಯನ್ನು ನೀರಲ್ಲಿ ಅದ್ದಿ, ಮೇಲೆ ಟೊಮೆಟೊ ಉಜ್ಜಿ, ಮೊದಲ ಚೂರನ್ನು ಅಸುಂತಾಳಿಗೇ ಚಾಚುತ್ತಿದ್ದಳು. "ನೀವು ಕಲಿಸದಿದ್ರೆ ನಾನಿನ್ನೂ ಬೇರು ಯಾವ್ದು, ಕಾಂಡ ಯಾವ್ದು ಅಂತ ಹುಡುಕ್ತಾ ಇರ್ತಿದ್ದೆ!" ಎಲ್ಲರೂ ನಗುತ್ತಿದ್ದರು. ಅಸುಂತಾ ಆ ಚೂರನ್ನು ತಟ್ಟೆಯಂಚಿಗೆ ಸರಿಸಿಡುತ್ತಿದ್ದಳು.

ಮೇ ತಿಂಗಳ ಒಂದು ಶುಕ್ರವಾರ, ಎಲ್ಲರೂ ಹೊರಟ ಮೇಲೆ, ಅವಳು ಫ್ರಿಜ್ಜಿನಿಂದ ನೊಯೆಮಿಯ ವಿಟಮಿನ್ ದ್ರಾವಣದ ಸೀಸೆ ತೆಗೆದು, ಮುಚ್ಚಳ ಬಿಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಳು. ಗಾಳಿ, ಬೆಳಕು ತಾಗಿದರೆ ಅದು ಕೆಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಸೀಸೆ ಮುಚ್ಚಿ ಒಳಗಿಟ್ಟಳು. ಒಂದು ವಾರದ ಕೆಲಸ ಹಾಳಾಗಲಿ, ಅಷ್ಟೇ ಎಂದುಕೊಂಡಳು.

ಮಂಗಳವಾರ ನೊಯೆಮಿ ಕೂಗಿದಳು. "ಅಸುಂತಾ, ಬೇಗ ಬನ್ನಿ! ಇವಕ್ಕೇನಾಗಿದೆ ನೋಡಿ!"

ಬರೀ ನೀರಿನಲ್ಲಿದ್ದ ಬೇರುಗಳು ಎಂದಿನಂತೆ ಕೆಳಗೆ ಬಾಗಿದ್ದವು. ಆ ಸೀಸೆಯ ದ್ರಾವಣ ಕುಡಿದವು ಬೆಳೆದಿದ್ದವು ನಿಜ, ಆದರೆ ನೆಲ ಯಾವ ಕಡೆಗೆಂಬುದೇ ತಿಳಿಯದೆ ಅಡ್ಡಡ್ಡ ಹೋಗಿದ್ದವು. ಹದಿನಾರು ವರ್ಷದಲ್ಲಿ ಅಸುಂತಾ ಇಂಥದ್ದನ್ನು ಕಂಡಿರಲಿಲ್ಲ.

ದ್ರಾವಣ ಹಳದಿಗೆ ತಿರುಗಿದ್ದು ನೊಯೆಮಿಯ ಕಣ್ಣಿಗೆ ಬಿತ್ತು. ಪರೀಕ್ಷಿಸಿದರೆ ವಿಟಮಿನ್ ಕೆಟ್ಟು ಬೇರೆ ರೂಪ ತಾಳಿತ್ತು. "ತಾಜಾ ಕುಡಿದ್ರೆ ಬಾಗುತ್ತೆ, ಕೆಟ್ಟಿದ್ದು ಕುಡಿದ್ರೆ ದಾರಿ ತಪ್ಪುತ್ತೆ!" ಎಂದು ಕುಣಿದಾಡಿದಳು. ಇಷ್ಟು ವರ್ಷ ಕಾದರೂ ತನಗೆ ದಕ್ಕದ್ದನ್ನು ತಾನೇ ಕೈಯಾರೆ ಅವಳ ಮಡಿಲಿಗೆ ಹಾಕಿದೆನಲ್ಲಾ ಎಂದು ಅಸುಂತಾಳ ಮೈ ಉರಿಯಿತು.

ಆದರೆ ಮತ್ತೆ ಮಾಡಿದರೆ ಹಾಗಾಗಲಿಲ್ಲ. ಅಂದು ಫ್ರಿಜ್ಜೇ ಕೆಟ್ಟು ದ್ರಾವಣ ಹಾಳಾಗಿರಬೇಕೆಂದು ನೊಯೆಮಿ ಹೊಸ ಸೀಸೆಯನ್ನು ಹೊರಗಿಟ್ಟಳು, ಬೆಚ್ಚಗಿಟ್ಟಳು. ಪ್ರತಿಸಲವೂ ಮುಚ್ಚಳ ಭದ್ರವಾಗಿರುತ್ತಿತ್ತು, ದ್ರಾವಣ ಕೆಡುತ್ತಿರಲಿಲ್ಲ. ಎರಡು ವಾರ ಕಳೆಯಿತು.

"ಒಂದೇ ಸಲ ಆಗೋದಕ್ಕೆ ಪವಾಡ ಅಂತಾರಮ್ಮ. ಅದಕ್ಕೆ ಇಗರ್ಜಿ ಇದೆ," ಎಂದರು ಕ್ವಾರ್ತಾ, ಎಲ್ಲರೆದುರು. ನೊಯೆಮಿಯ ಮುಖ ಸಣ್ಣಗಾಯಿತು. ಅಸುಂತಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಸಂತೋಷ ಸಂಜೆಯವರೆಗೂ ಬಾಳಲಿಲ್ಲ. ನೊಯೆಮಿ ಆ ಬೇರುಗಳ ಫೋಟೋಗಳನ್ನು ಕಸದ ಬುಟ್ಟಿಗೆ ಹಾಕಲು ಹೋದಾಗ ಅಸುಂತಾ ಅವಳ ಕೈ ಹಿಡಿದಳು.

"ಮುಚ್ಚಳ ತೆಗೆದಿಡ್ಬೇಕು. ಬಿಸಿಲಲ್ಲಿ, ಮೂರು ದಿನ."

"ನಿಮ್ಗೆ ಹೇಗೆ ಗೊತ್ತು?"

"ನಾನೇ ಇಟ್ಟಿದ್ದು. ನಿನ್ನ ಕೆಲಸ ಕೆಡ್ಲಿ ಅಂತ."

ನೊಯೆಮಿ ಫೋಟೋಗಳನ್ನು ಮೇಜಿನ ಮೇಲಿಟ್ಟಳು. ಆಮೇಲೆ ಪುಸ್ತಕ ತೆರೆದು, "ಪೂರ್ತಿ ತೆಗೆದಿದ್ರಾ, ಅರ್ಧನಾ?" ಎಂದಳು.

"ಪೂರ್ತಿ."

ನೊಯೆಮಿ ಬರೆದುಕೊಂಡಳು. "ಈಗ್ಯಾಕೆ ಹೇಳಿದ್ರಿ?"

"ಅವು ನಿಜವಾಗ್ಲೂ ದಾರಿ ತಪ್ಪಿದ್ವು. ನೀನು ಬಿಸಾಕೋದನ್ನ ನೋಡಕ್ಕಾಗ್ಲಿಲ್ಲ."

"ನಂಗೆ ನಿಮ್ಮ ಮೇಲೆ ತುಂಬಾ ಸಿಟ್ಟಿದೆ," ಎಂದಳು ನೊಯೆಮಿ. ಆದರೆ ಸೀಸೆಯ ವಿಷಯ ಅವಳು ಯಾರಿಗೂ ಹೇಳಲಿಲ್ಲ.

ಮುಚ್ಚಳ ತೆಗೆದು ಬಿಸಿಲಲ್ಲಿಟ್ಟು ಮೂರು ಸಲ ಮಾಡಿದಳು, ಮೂರು ಸಲವೂ ಪ್ರಯೋಗ ಕೈಹಿಡಿಯಿತು. ಪ್ರಬಂಧ ನೊಯೆಮಿಯ ಹೆಸರಿನಲ್ಲೇ ಬಂತು. ಚಳಿಗಾಲಕ್ಕೆ ಅವಳಿಗೆ ಬೊಲೋನ್ಯಾದಲ್ಲಿ ಕೆಲಸವೂ ಸಿಕ್ಕಿತು. ದಾರಿ ತಪ್ಪಿದ ಬೇರನ್ನು ತೊಳೆದು ತಾಜಾ ನೀರಲ್ಲಿಟ್ಟರೆ ಮತ್ತೆ ಬಾಗುತ್ತದೆಯೇ ಎಂದು ನೋಡುವ ಕೆಲಸವನ್ನು ಅಸುಂತಾ ಕ್ವಾರ್ತಾರಿಂದ ಕೇಳಿ ಪಡೆದಳು. ನೊಯೆಮಿಯ ಹೆಸರನ್ನು ಅಚ್ಚಿನಲ್ಲಿ ಕಂಡ ದಿನ ಅವಳಿಗೆ ಹೊಟ್ಟೆಕಿಚ್ಚು ಇದ್ದೇ ಇತ್ತು. ಪತ್ರಿಕೆ ಮಡಚಿಟ್ಟು, ಅಂದಿನ ಮೊಳಕೆಗಳನ್ನು ಅಳೆಯಲು ಕೂತಳು.