ಭೀಮನ ಅಮಾವಾಸ್ಯೆಯ ಕಾಲುಚೀಲ

"ಶಭಾಷ್, ಪಾದದ ಕಾಳಜಿಯಲ್ಲಿ ನೀವೇ ಮುಂದು," ಎಂದು ಫೋನು ಉಲಿಯಿತು. ಪರದೆಯ ಮೇಲೆ ನಕ್ಷತ್ರವೊಂದು ಕುಣಿಯಿತು.

ಸರ್ವಮಂಗಳಾಗೆ ಮೈಯೆಲ್ಲ ಉರಿದುಹೋಯಿತು. ಸಕ್ಕರೆ ಕಾಯಿಲೆಗೆ ಗಂಡ ಪರ್ವತಯ್ಯನವರ ಎಡಗಾಲು ಮೊಣಕಾಲ ಕೆಳಗೆ ಹೋದಮೇಲೆ ಆಸ್ಪತ್ರೆಯವರು ಫೋನಿಗೆ ಹಾಕಿಕೊಟ್ಟ ಪಾಠ ಅದು. ತನ್ನ ಆರೈಕೆ ತಾನೇ ಮಾಡಿಕೊಳ್ಳುವುದನ್ನು ಕಲಿಸುತ್ತದಂತೆ, ಏನು ಕಲಿಸಿತೋ ಸುಡುಗಾಡು! ದಿನಾ ಬೆಳಿಗ್ಗೆ ಅದೇ ಪ್ರಶ್ನೆ: ಉಳಿದ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಂಡಿರಾ? ಪರ್ವತಯ್ಯ ಪೇಪರಿನಿಂದ ಕಣ್ಣೆತ್ತದೆ 'ಹೌದು' ಒತ್ತುತ್ತಿದ್ದರು. ಕನ್ನಡಿ ಗೂಡಿನಲ್ಲಿ ಧೂಳು ಹಿಡಿದು ಕೂತಿತ್ತು.

"ಕಾಲುಚೀಲ ಬಿಚ್ರೀ, ನಾನಾದ್ರೂ ನೋಡ್ತೀನಿ."

"ಫೋನೇ ಶಭಾಷ್ ಅಂದದೆ. ಮಧ್ಯ ನಿಂದೇನು?"

"ಫೋನ್‌ಗೇನು ಕಣ್ಣವಾ? ನೀವು ಒತ್ತಿದ್ದನ್ನ ನಂಬ್ತದೆ ಅಷ್ಟೇ."

ಹೊಳವನಹಳ್ಳಿ ಬಸ್‌ಸ್ಟ್ಯಾಂಡಿನೆದುರು ಜೀವಮಾನವೆಲ್ಲ ಅಂಗಡಿ ನಡೆಸಿದ ಗಂಡಸು, ಕುಡಿದ ಲೋಟ ಎತ್ತಿಟ್ಟವರಲ್ಲ. ಅಂಥವರು ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಕಾಲುಚೀಲವನ್ನು ತಾವೇ ಒಗೆಯುತ್ತಿದ್ದರು. ಅದನ್ನು ಕಂಡ ದಿನವೇ, ಚೀಲಕ್ಕೆ ಗಾಯದ ಕಲೆ ಅಂಟಿರಬೇಕೆಂದು ಸರ್ವಮಂಗಳಾಗೆ ಅನುಮಾನ ಬಂತು. ಹೋದ ಕಾಲೂ ಒಂದು ಸಣ್ಣ ಹುಣ್ಣಿನಿಂದಲೇ ಹೋಗಿತ್ತು. ಇದೂ ಹೋದರೆ ಗತಿಯೇನು?

ಪಾಠದ ಉಸ್ತುವಾರಿ ನೋಡುವ ನರ್ಸ್ ಭವ್ಯಗೆ ಫೋನ್ ಮಾಡಿದರು. "ಅಮ್ಮ, ಅವರಾಗಿಯೇ ನೋಡ್ಕೋಬೇಕು, ಪಾಠದ ಉದ್ದೇಶನೇ ಅದು," ಎಂದಳು ಆಕೆ.

"ನಿಮ್ ಉದ್ದೇಶ ಕಟ್ಕೊಂಡು ಇನ್ನೊಂದು ಕಾಲೂ ಕಳ್ಕೊಳ್ಳಾನಾ? ನಾಡಿದ್ದು ಭೀಮನ ಅಮಾವಾಸ್ಯೆ. ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡವ್ವ, ಮಿಕ್ಕಿದ್ದು ನಂಗ್ ಬುಡು."

ಅಮಾವಾಸ್ಯೆಯ ಬೆಳಿಗ್ಗೆ ಸರ್ವಮಂಗಳಾ ತಟ್ಟೆ, ಬಿಂದಿಗೆ, ಹೂವು ತಂದು ಗಂಡನ ಮುಂದೆ ಕೂತರು. ಭವ್ಯಳ ವಿಡಿಯೊ ಕರೆಯನ್ನು ಸದ್ದಿಲ್ಲದೆ ಎತ್ತಿ, ಫೋನನ್ನು ದೀಪದ ಕಂಬಕ್ಕೆ ಒರಗಿಸಿದರು. ಹೆಂಡತಿ ಗಂಡನ ಪಾದ ಪೂಜಿಸುವ ಹಬ್ಬ, ಒಂದು ವರ್ಷವೂ ತಪ್ಪಿರಲಿಲ್ಲ.

"ಚೀಲದ ಮೇಲೇ ಹೂ ಇಟ್ಬುಡು," ಎಂದರು ಪರ್ವತಯ್ಯ.

"ಚೀಲ ಪೂಜೆ ಮಾಡಕ್ಕೆ ನಾನೇನು ಅದನ್ನ ಮದ್ವೆ ಆಗಿದ್ದೀನಾ?"

ಪರ್ವತಯ್ಯ ಚೀಲ ಕಳಚಿ ಕಣ್ಣು ಮುಚ್ಚಿಕೊಂಡರು. ಸರ್ವಮಂಗಳಾ ಪಾದವನ್ನೆತ್ತಿ ಫೋನಿನ ಕಡೆ ತಿರುಗಿಸಿದರು. ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಗಾಯ.

"ಅಮ್ಮ, ಇವತ್ತೇ ಕರ್ಕೊಂಡು ಬನ್ನಿ," ಎಂದಿತು ಭವ್ಯಳ ದನಿ. "ಇನ್ನೂ ಸಣ್ಣದಿದೆ, ಉಳಿಸ್ಕೋಬಹುದು."

ಪರ್ವತಯ್ಯ ಕಣ್ಣು ಬಿಟ್ಟರು. "ಪೂಜೇಲೂ ಮೋಸನೇನೇ?"

"ದಿನಾ ಹೌದು ಹೌದು ಅಂತ ಒತ್ತಿದ್ದು ಯಾರು?"

"ಗಾಯ ಇರೋದು ಗೊತ್ತು ಕಣೇ. ನೋಡಕ್ಕೆ ಭಯ."

ಸರ್ವಮಂಗಳಾ ಪಾದ ತೊಳೆದು, ಬೆರಳ ಸಂದನ್ನು ಸೆರಗಿನಿಂದ ಒರೆಸಿ, ಗಾಯ ತಾಕದಂತೆ ಹೂವಿಟ್ಟರು.

ಆಟೋ ಬರುವಷ್ಟರಲ್ಲಿ ಫೋನು ಮತ್ತೆ ಕೇಳಿತು: ಪಾದ ನೋಡಿಕೊಂಡಿರಾ?

"ಆ ಕನ್ನಡಿ ಕೊಡು," ಎಂದರು ಪರ್ವತಯ್ಯ. ಧೂಳೊರೆಸಿ, ಪಾದದಡಿಗೆ ಹಿಡಿದು, ತುಂಬ ಹೊತ್ತು ನೋಡಿದರು. ಆಮೇಲೆ 'ಹೌದು' ಒತ್ತಿದರು.

ಶಭಾಷ್ ಎಂದಿತು ಫೋನು. ಸರ್ವಮಂಗಳಾ ಈ ಸಲ ಅದಕ್ಕೆ ಬಯ್ಯಲಿಲ್ಲ.