ಪೋಪರ ಮನೆಯ ಪೆಟ್ಟಿಗೆ

ಹಳೆಯ ಪೋಪ್ ತೀರಿಕೊಂಡು, ತಮ್ಮಲ್ಲೊಬ್ಬರನ್ನು ಹೊಸ ಪೋಪ್ ಆಗಿ ಆರಿಸುವ ತನಕ ಕಾರ್ಡಿನಲ್‌ಗಳನ್ನೆಲ್ಲ ವ್ಯಾಟಿಕನ್ನಿನೊಳಗೆ ಕೂಡಿಹಾಕಿ ಬಾಗಿಲಿಗೆ ಇಟ್ಟಿಗೆ ಕಟ್ಟಿದ ದಿನದಿಂದ ರೋಮಿನ ಜನಕ್ಕೆ ಬೇರೆ ಕೆಲಸವೇ ಇರಲಿಲ್ಲ. ಅರ್ಧ ಗಡ್ಡ ಬೋಳಿಸಿಕೊಂಡವನು ಕ್ಷೌರದ ಅಂಗಡಿಯಿಂದ ಎದ್ದು ಬಂದು ಮುಂದಿನ ಪೋಪ್ ಯಾರೆಂದು ಬೀದಿಯಲ್ಲಿ ವಾದಕ್ಕಿಳಿಯುತ್ತಿದ್ದ. ಎದುರು ಸೊಪ್ಪು ಮಾರುವವಳು ಅವನ ಬೋಳಿಸಿದ ಕೆನ್ನೆಗೊಂದು ಉತ್ತರ, ಬೋಳಿಸದ ಕೆನ್ನೆಗೊಂದು ಉತ್ತರ ಕೊಡುತ್ತಿದ್ದಳು. ಒಳಗಿನ ಸುದ್ದಿ ಎಲ್ಲರಿಗೂ ಗೊತ್ತಿತ್ತು, ಅಂದರೆ ಯಾರಿಗೂ ಏನೂ ಗೊತ್ತಿರಲಿಲ್ಲ.

ಪಾಸ್ಕ್ವಾಗೆ ಮಾತ್ರ ಖಂಡಿತ ಗೊತ್ತಿತ್ತು. ಅವಳು ಕಾರ್ಡಿನಲ್ ಫುಲ್ವಿಯೋ ಅವರ ಮನೆಯ ಅಡುಗೆಯವಳು. ಒಳಗೆ ಕೂತ ಕಾರ್ಡಿನಲ್‌ಗಳಿಗೆ ದಿನವೂ ಅವರವರ ಮನೆಯಿಂದಲೇ ಊಟ ಹೋಗಬೇಕು. ಮಧ್ಯಾಹ್ನವಾದರೆ ಬುಟ್ಟಿಗಳ ಮೆರವಣಿಗೆ ಸೇತುವೆ ದಾಟಿ ಹೊರಡುತ್ತಿತ್ತು. ಕಾವಲಿನವರು ಒಳಗೆ ಚೀಟಿ ಅಡಗಿದೆಯೇನೋ ಎಂದು ಕೋಳಿಯ ಹೊಟ್ಟೆ ಬಗೆದು, ಬ್ರೆಡ್ಡು ಮುರಿದು, ಸಾರಿಗೆ ಕೈ ಅದ್ದಿ, ಆ ಕೈಯನ್ನೇ ನೆಕ್ಕಿ, ಆಮೇಲೆ ಗೋಡೆಯ ತಿರುಗುವ ಕಪಾಟಿನಲ್ಲಿಟ್ಟು ಒಳಗೆ ತಳ್ಳುತ್ತಿದ್ದರು. ಸಂಜೆ ಖಾಲಿ ತಟ್ಟೆಗಳು ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದವು. ಬೇರೆಯವರು ಅಂಗೈ ನೋಡಿ ಭವಿಷ್ಯ ಹೇಳುವ ಹಾಗೆ ಪಾಸ್ಕ್ವಾ ತಟ್ಟೆ ನೋಡಿ ಹೇಳುತ್ತಿದ್ದಳು.

ಮೊದಲ ವಾರ ಫುಲ್ವಿಯೋ ಅವರ ತಟ್ಟೆ ಹೋದಂತೆಯೇ ತಿರುಗಿ ಬಂತು. ಪಾರಿವಾಳದ ಒಂದು ಕಾಲನ್ನೂ ಅವರು ಮುಟ್ಟಿರಲಿಲ್ಲ. ಆಮೇಲೆ ಬುಧವಾರ ಇದ್ದಕ್ಕಿದ್ದಂತೆ ತಟ್ಟೆ ಬೆಳ್ಳಗಾಗಿ ಬಂತು. ಮೂಳೆ ಚೀಪಿದ್ದರು, ಸಾರನ್ನು ಬ್ರೆಡ್ಡಿನಲ್ಲಿ ಒರೆಸಿದ್ದರು, ಆಲಿವ್ ಬೀಜಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ ಆಟವಾಡಿದ್ದರು. ಗುರುವಾರ ಇನ್ನೊಂದು ಸಲ ಬಡಿಸಿ ಕಳಿಸಿ ಎಂಬ ಸಂದೇಶವೇ ಕಾವಲಿನವರ ಬಾಯಲ್ಲಿ ಬಂತು. ಗೆಲ್ಲುವವನಿಗಲ್ಲದೆ ಇಂಥ ಹಸಿವು ಇನ್ಯಾರಿಗೆ ಬರಬೇಕು ಎಂದು ಪಾಸ್ಕ್ವಾ ತೀರ್ಮಾನಿಸಿದಳು. ತೀರ್ಮಾನಿಸಿದ ಕೂಡಲೇ ಓಡಿಹೋಗಿ ಬೀದಿ ಬಾಗಿಲಿಗೆ ಅಗಳಿ ಹಾಕಿದಳು.

ಯಾಕೆಂದರೆ ಪೋಪ್ ಆದವರ ಮನೆಯನ್ನು ಊರವರು ಲೂಟಿ ಮಾಡುವುದು ರೋಮಿನ ಪದ್ಧತಿ. ಇಡೀ ವ್ಯಾಟಿಕನ್ನೇ ಸಿಕ್ಕ ಮೇಲೆ ಹಳೆಯ ಮಂಚ ಮಡಕೆ ಅವರಿಗೇಕೆ ಎಂಬುದು ಜನರ ವಾದ. ದ್ವೇಷವಿಲ್ಲ, ಹೊಡೆದಾಟವಿಲ್ಲ, ಹಬ್ಬದ ಉತ್ಸಾಹದಲ್ಲಿ ನುಗ್ಗಿ ಬಾಗಿಲ ಚಿಲಕವನ್ನೂ ಬಿಡದೆ ಹೊತ್ತುಕೊಂಡು ಹೋಗುತ್ತಾರೆ. ಮೊದಲು ಕೈಯಿಟ್ಟವರಿಗೆ ಮಾಲು. ಆ ಮನೆಯಲ್ಲಿ ಅಡುಗೆಯವಳ ಮಾಲು ಯಾವುದು, ಕಾರ್ಡಿನಲ್‌ರದು ಯಾವುದು ಎಂದು ವಿಚಾರಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಪಾಸ್ಕ್ವಾಳ ಮಾಲೆಂದರೆ ಒಂದು ಪೆಟ್ಟಿಗೆ. ಗಂಡ ಸತ್ತ ಮೇಲೆ ಆ ಒಲೆಯ ಪಕ್ಕದಲ್ಲೇ ಬೆಳೆಸಿದ ಮಗಳು ಚಿಂಜಿಯಾಳ ಮದುವೆಯ ಪೆಟ್ಟಿಗೆ ಅದು. ಹಾಸಿಗೆಯ ದುಪ್ಪಟಿ, ಮೇಜಿನ ಬಟ್ಟೆ, ದಿಂಬಿನ ಚೀಲ, ಒಳಂಗಿ, ಎಲ್ಲವನ್ನೂ ತಾಯಿ ಮಗಳು ವರ್ಷಗಟ್ಟಲೆ ಹೊಲಿದು ತುಂಬಿದ್ದರು. ಬರುವ ಭಾನುವಾರ ಮದುವೆ. ಹುಡುಗ ನಾರ್ದೋ, ಟೈಬರ್ ನದಿಯ ಮೇಲೆ ತೇಲುವ ಹಿಟ್ಟಿನ ಗಿರಣಿಯಲ್ಲಿ ಕೆಲಸ, ಬಂಗಾರದಂಥವನು. ಅವನ ತಾಯಿ ಒರ್ತೆನ್ಸಾ ಮಾತ್ರ ಬಾಯಿ ತೆರೆದರೆ ಸೂಜಿ. ಚಿಂಜಿಯಾ ಪ್ರೀತಿಯಿಂದ ಕಸೂತಿ ಹಾಕಿ ಕೊಟ್ಟ ಕರವಸ್ತ್ರವನ್ನು ಬೆಳಕಿಗೆ ಹಿಡಿದು, "ಇದು ಕೋಳಿಯೋ ಕುಂಬಳಕಾಯಿಯೋ?" ಎಂದು ಕೇಳಿದ್ದಳು. ಹುಡುಗಿ ಅವತ್ತಿನಿಂದ ಕೋಳಿಯ ಸಹವಾಸ ಬಿಟ್ಟು ಪೆಟ್ಟಿಗೆಯ ಬಟ್ಟೆಗಳ ಮೂಲೆಗೆಲ್ಲ ಬೆಕ್ಕಿನ ಕಸೂತಿ ಹಾಕಿದ್ದಳು.

ಒರ್ತೆನ್ಸಾ ಹೋಗುವಾಗ ಷರತ್ತೊಂದನ್ನು ಬಿಟ್ಟು ಹೋಗಿದ್ದಳು. "ಶನಿವಾರ ಸಂಜೆಯೊಳಗೆ ತುಂಬಿದ ಪೆಟ್ಟಿಗೆ ನನ್ನ ಹೊಸ್ತಿಲು ದಾಟ್ಬೇಕು, ಬೀಗಿತ್ತಿ. ಇಲ್ಲಾಂದ್ರೆ ಭಾನುವಾರ ನನ್ನ ಮಗ ಗಿರಣೀಲೇ ಇರ್ತಾನೆ, ಚರ್ಚಿಗೆ ಬರಲ್ಲ."

ಗುರುವಾರ ಸಂಜೆಗೆ ಫುಲ್ವಿಯೋ ಅವರೇ ಪೋಪ್ ಎಂಬ ಮಾತು ಊರೆಲ್ಲ ಹಬ್ಬಿತು. ಹಬ್ಬಿಸಿದವಳು ಪಾಸ್ಕ್ವಾಳೇ, ಬೆಳ್ಳಗಾದ ತಟ್ಟೆಯನ್ನು ನಾಲ್ಕು ಜನಕ್ಕೆ ತೋರಿಸದೆ ಇರಲು ಅವಳಿಂದ ಆಗಿರಲಿಲ್ಲ. ಮನೆಯ ಪಾರುಪತ್ತೇದಾರ ಪರದೆಗಳನ್ನು ಇಳಿಸಿ, ಬೆಳ್ಳಿ ಕಟ್ಟಿ, ಕನ್ನಡಿಗಳನ್ನು ಗಾಡಿಗೇರಿಸಿ ಮಠಕ್ಕೆ ಸಾಗಿಸತೊಡಗಿದ. ಗಾಡಿಯಲ್ಲಿ ಅಡುಗೆಯವಳ ಪೆಟ್ಟಿಗೆಗೆ ಜಾಗವಿಲ್ಲ ಎಂದುಬಿಟ್ಟ.

ಆಗ ಪಾಸ್ಕ್ವಾಗೆ ಎದುರುಮನೆ ಕಣ್ಣಿಗೆ ಬಿತ್ತು. ಅದು ಕಾರ್ಡಿನಲ್ ಅನ್ಸೆಲ್ಮೋ ಅವರ ಮನೆ. ಹಣ್ಣುಹಣ್ಣು ಮುದುಕರು, ಕಿವಿ ಮಂದ, ಒಂದು ಮೆಟ್ಟಿಲಿಗೆ ಒಂದು ಕೆಮ್ಮು. ಅವರ ಅಡುಗೆಯವನು ತಾದ್ದೆಯೊ ಬುಧವಾರದಿಂದ ಅಳುತ್ತಾ ಕೂತಿದ್ದ. ಅದುವರೆಗೆ ಮೂರು ಹೊತ್ತೂ ಚೆನ್ನಾಗಿ ಉಂಡವರು ಈಗ ಬಾದಾಮಿ ಹಾಲಿನ ಗಂಜಿಯನ್ನೂ ಮುಟ್ಟದೆ ವ್ಯಾಟಿಕನ್ನಿನೊಳಗಿಂದ ವಾಪಸು ಕಳಿಸುತ್ತಿದ್ದರು. ಮುದುಕರ ಕಥೆ ಮುಗಿಯಿತೆಂದು ತಾದ್ದೆಯೊ ಶೋಕದ ಕಪ್ಪು ಬಟ್ಟೆಯನ್ನೂ ಗಾಳಿಗೆ ಹಾಕಿದ್ದ.

ಸಾಯುವವರ ಮನೆಗಿಂತ ಭದ್ರವಾದ ಜಾಗ ಇನ್ನೆಲ್ಲಿ? ತಾಯಿ ಮಗಳು ಪೆಟ್ಟಿಗೆಯನ್ನು ಎಳೆದು ತಂದು ತಾದ್ದೆಯೊನ ಅಟ್ಟದ ಮೇಲೆ ಈರುಳ್ಳಿ ಜಡೆಗಳ ಹಿಂದೆ ಇಟ್ಟರು. ತಾನು ಬಹಳ ಜಾಣೆಯೆಂದು ಪಾಸ್ಕ್ವಾಗೆ ಅನ್ನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಶುಕ್ರವಾರ ಹಗಲು ಹೊಸ ಪೋಪ್ ಸಿಕ್ಕಿದರೆಂದು ಸಾರುವ ಕೋಟೆಯ ತೋಪು ಹಾರಿತು. ಊರಿನ ಗಂಟೆಗಳೆಲ್ಲ ಒಂದರ ಮಾತು ಇನ್ನೊಂದು ಕೇಳದೆ ಬಡಿದುಕೊಂಡವು. ಪಾಸ್ಕ್ವಾ ಕೈ ಒರೆಸಿಕೊಂಡು, ಖಾಲಿ ಮನೆಯ ಬಾಗಿಲನ್ನು ತಾನೇ ಅಗಲವಾಗಿ ತೆಗೆದು, ಬನ್ನಿ ಎನ್ನುವ ಗತ್ತಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಜನ ಬಂದರು. ಬೀದಿ ತುಂಬಿ, ಏಣಿ ಹಿಡಿದು, ಗೋಣಿಚೀಲ ಹಿಡಿದು, ತಳ್ಳುಗಾಡಿ ತಳ್ಳಿಕೊಂಡು ಬಂದರು. ಬಂದವರು ಅವಳ ಮೂಗಿನ ಮುಂದೆಯೇ ತಿರುಗಿ ಎದುರುಮನೆಗೆ ನುಗ್ಗಿದರು.

"ಅನ್ಸೆಲ್ಮೋ ಪೋಪ್ ಆದ್ರು ಅಕ್ಕ" ಎಂದು ಓಡುತ್ತಲೇ ಒಬ್ಬ ಹೇಳಿದ. "ಗಟ್ಟಿಮುಟ್ಟಾಗಿರೋರು ಒಬ್ಬರನ್ನೊಬ್ಬರು ಒಪ್ಪಲಿಲ್ವಂತೆ. ಮುದುಕ್ರು ಹೆಂಗೂ ಬೇಗ ಹೋಗ್ತಾರೆ ಅಂತ ಎಲ್ರೂ ಸೇರಿ ಕೂರಿಸಿದ್ರಂತೆ."

ತಟ್ಟೆಗಳು ಸುಳ್ಳು ಹೇಳಿರಲಿಲ್ಲ. ಓದಿದವಳು ತಲೆಕೆಳಗಾಗಿ ಓದಿದ್ದಳು. ಪೋಪ್ ಆಗುವ ಆಸೆ ಇದ್ದಷ್ಟು ದಿನ ಫುಲ್ವಿಯೋಗೆ ತುತ್ತು ಇಳಿದಿರಲಿಲ್ಲ, ಆಸೆ ಬಿಟ್ಟ ದಿನ ಹಾಯಾಗಿ ಉಂಡಿದ್ದರು. ಮುದುಕರಿಗೆ ಪದವಿ ತಮ್ಮ ಕುತ್ತಿಗೆಗೆ ಬರುವುದು ಬುಧವಾರವೇ ಗೊತ್ತಾಗಿ ಹೆದರಿಕೆಯಿಂದ ಹಸಿವೇ ಇಂಗಿಹೋಗಿತ್ತು. ಇದೆಲ್ಲ ಪಾಸ್ಕ್ವಾಗೆ ಬೀದಿ ದಾಟುವಷ್ಟರಲ್ಲೇ ಹೊಳೆಯಿತು, ಆದರೆ ಅವಳು ದಾಟುವಷ್ಟರಲ್ಲಿ ಅರ್ಧ ರೋಮು ಒಳಗಿತ್ತು.

ಒಳಗಿನ ಸಂಭ್ರಮ ಹೇಳತೀರದು. ಒಬ್ಬ ಸನ್ಯಾಸಿ ಗಾಡಿಚಕ್ರದಂಥ ಚೀಸಿನ ಗಟ್ಟಿಯನ್ನು ಮೆಟ್ಟಿಲ ಮೇಲಿಂದ ಉರುಳಿಸಿಕೊಂಡು ಇಳಿಯುತ್ತಿದ್ದ. ಇಬ್ಬರು ಕಟುಕರು ಸ್ನಾನದ ತೊಟ್ಟಿಯಲ್ಲಿ ಮೂರನೆಯವನನ್ನು ಕೂರಿಸಿ ಹೊತ್ತಿದ್ದರು. ಯಾರೋ ಬಾಗಿಲನ್ನೇ ಕಿತ್ತು ಬೆನ್ನಿಗೆ ಕಟ್ಟಿಕೊಂಡು, ಹೊರಗೆ ಹೋಗಲು ಬಾಗಿಲು ಎಲ್ಲಿ ಎಂದು ಕೇಳುತ್ತಿದ್ದ. ತಾದ್ದೆಯೊ ತನ್ನ ಅಡುಗೆಮನೆಯನ್ನು ತಾನೇ ಲೂಟಿ ಮಾಡುತ್ತಿದ್ದ. ಎರಡು ಕೈಯಲ್ಲಿ ಬಾಣಲೆ, ತಲೆಯ ಮೇಲೆ ಜರಡಿ, ಕೆನ್ನೆಯ ಮೇಲೆ ನೀರು.

"ಬದುಕಿದಾರೆ ಅಕ್ಕ, ನಮ್ ಯಜಮಾನ್ರು ಬದುಕಿದಾರೆ" ಎಂದು ಅವನು ಅಳುತ್ತಾ ನಗುತ್ತಾ ಹೇಳಿದ. "ಪೆಟ್ಟಿಗೆ ಮೇಲಿದೆ, ಓಡು."

ಅವಳು ಓಡಿದಳು. ಅಟ್ಟದಲ್ಲಿ ಈರುಳ್ಳಿ ಜಡೆಗಳನ್ನು ಕೊರಳಿಗೆ ಹಾಕಿಕೊಂಡ ಜನ ಆಗಲೇ ಪೆಟ್ಟಿಗೆಯ ಸುತ್ತ ಸೇರಿದ್ದರು. ಅದು ತನ್ನದೆಂದು ಪಾಸ್ಕ್ವಾ ಹೇಳಿದರೆ, ಎಲ್ಲರೂ ಹಾಗೇ ಹೇಳುವುದು ಎಂದು ಅವರು ನಕ್ಕರು. ನ್ಯಾಯವಾದ ಮಾತೇ. ಹಾಗಾಗಿ ಅವಳು ತನ್ನ ಪೆಟ್ಟಿಗೆಯನ್ನು ತಾನೇ ಲೂಟಿ ಮಾಡಲು ನಿಂತಳು. ಇಬ್ಬರಿಗೆ ಮೊಣಕೈ ತಿವಿದು, ಒಬ್ಬನ ಟೋಪಿ ಕಣ್ಣ ಮೇಲೆ ಎಳೆದು, ಮುಚ್ಚಳದ ಮೇಲೆ ಹತ್ತಿ ಕೂತುಬಿಟ್ಟಳು. ಜನ ಅವಳನ್ನೂ ಸೇರಿಸಿ ಪೆಟ್ಟಿಗೆ ಎತ್ತಿದರು. ಪೋಪರ ಪಲ್ಲಕ್ಕಿಗೆ ದಾರಿ ಬಿಡಿ ಎಂದು ಯಾರೋ ಕೂಗಿದ, ಎಲ್ಲರೂ ಟೋಪಿ ತೆಗೆದು ಬಗ್ಗಿದರು. ಆ ಸಂಕಟದಲ್ಲೂ ಪಾಸ್ಕ್ವಾಗೆ ನಗು ತಡೆಯಲಾಗಲಿಲ್ಲ, ಅವಳ ಕೈ ತಾನಾಗಿಯೇ ಎದ್ದು ಎರಡೂ ಬದಿಗೆ ಆಶೀರ್ವಾದ ಮಾಡಿತು. ಹಿಡಿದ ಕೈ ಬಿಟ್ಟದ್ದೇ ತಪ್ಪಾಯಿತು. ಮೆಟ್ಟಿಲ ತಿರುವಿನಲ್ಲಿ ಅವಳು ಜಾರಿ ತಾದ್ದೆಯೊನ ಹಿಟ್ಟಿನ ಮೂಟೆಗಳ ಮೇಲೆ ಬಿದ್ದಳು, ಪೆಟ್ಟಿಗೆ ತಲೆಗಳ ಮೇಲಿಂದ ತೇಲಿಕೊಂಡು ಬಾಗಿಲಾಚೆ ಹೋಯಿತು. ಕೊನೆಗೆ ಕಂಡದ್ದು ಅದನ್ನು ಹೊತ್ತು ಓಡುತ್ತಿದ್ದ ಒಂದು ಬೆಳ್ಳನೆಯ ಬೆನ್ನು, ಅಷ್ಟೇ.

ಎದ್ದು ಬೀದಿಗೆ ಬಂದಾಗ ಪಾಸ್ಕ್ವಾಗೆ ನಗು ಬತ್ತಿಹೋಗಿತ್ತು. ಮಗಳ ಮುಖ ನೋಡಿದ ಮೇಲೆ ಹೊಸ್ತಿಲ ಮೇಲೆ ಕೂತುಬಿಟ್ಟಳು. ಚಿಂಜಿಯಾ ತಾಯಿಯ ತಲೆಯ ಹಿಟ್ಟು ಕೊಡವುತ್ತಾ ಪಕ್ಕದಲ್ಲಿ ನಿಂತಳು. ಒರ್ತೆನ್ಸಾಳ ಕಾಲಿಗೆ ಬಿದ್ದಾದರೂ ಒಂದು ತಿಂಗಳ ವಾಯಿದೆ ಕೇಳೋಣ ಎಂದಳು ಪಾಸ್ಕ್ವಾ. ಇಬ್ಬರೂ ಸೇತುವೆಯ ಕಡೆ ಹೊರಟರು.

ಸೇತುವೆಯ ಮೇಲೆ ಪೋಪರ ಮನೆಯೇ ನಡೆದು ಹೋಗುತ್ತಿತ್ತು. ಮುಂದೆ ಮಂಚದ ಕಾಲು, ಹಿಂದೆ ಮಂಚ, ಆಚೆ ಪಂಜರದಲ್ಲಿ ಬೈಯುವ ಗಿಳಿ. ತಾಯಿ ಮಗಳು ಅದರ ನಡುವೆ ಯಾರ ಮುಖವನ್ನೂ ನೋಡದೆ ನಡೆದರು.

ಒರ್ತೆನ್ಸಾಳ ಓಣಿಯಲ್ಲಿ ಜಾತ್ರೆಯೇ ನೆರೆದಿತ್ತು. ಅವಳು ಬಾಗಿಲ ಮುಂದೆ ಮಣೆ ಹಾಕಿಕೊಂಡು ಅದರ ಮೇಲೆ ನಿಂತಿದ್ದಳು. ಕೈಯಲ್ಲಿ ಅಗಲವಾಗಿ ಬಿಚ್ಚಿದ ದುಪ್ಪಟಿ, ಕಾಲ ಬಳಿ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕದಲ್ಲಿ ಮೈಯೆಲ್ಲ ಹಿಟ್ಟು ಮೆತ್ತಿಕೊಂಡ ನಾರ್ದೋ. ಅಮ್ಮನ ಬಾಯಿಗೆ ಹೆದರಿ, ಹೆಂಡತಿಯಾಗುವವಳ ಪೆಟ್ಟಿಗೆಯಲ್ಲಿ ಏನಾದರೂ ಕಮ್ಮಿ ಬಿದ್ದರೆ ಇರಲಿ ಎಂದು ಅವನು ಲೂಟಿಗೆ ಓಡಿ, ತಲೆಗಳ ಮೇಲೆ ತೇಲಿ ಬಂದ ಮೊದಲ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಒಳಗೇನಿದೆ, ಯಾರದು, ಅವನಿಗೆ ತಿಳಿದಿರಲಿಲ್ಲ.

ಪಾಸ್ಕ್ವಾ ಬಾಯಿ ತೆರೆದಳು. ಚಿಂಜಿಯಾ ಅವಳ ತೋಳು ಒತ್ತಿದಳು.

"ಬಾ ಬೀಗಿತ್ತಿ, ಬಾ. ಪೋಪರ ಮನೆ ದುಪ್ಪಟಿ, ಮುಟ್ಟಿ ನೋಡು" ಎಂದು ಒರ್ತೆನ್ಸಾ ಮಣೆಯ ಮೇಲಿಂದಲೇ ಕರೆದಳು. "ಹೊಲಿಗೆ ಅಂದ್ರೆ ಇದು. ಎಳೆ ಎಣಿಸಿ ಹಾಕಿದಾರೆ. ಈ ಬೆಕ್ಕು ನೋಡು, ಮುಟ್ಟಿದ್ರೆ ಮ್ಯಾವ್ ಅಂದೀತು. ಇಂಥ ಕೈ ರೋಮಿನಲ್ಲಿಲ್ಲ, ಫ್ಲಾರೆನ್ಸಿಂದಲೇ ತರಿಸಿರ್ಬೇಕು. ನಿನ್ನ ಮಗಳು ಇದನ್ನ ನೋಡಿ ಕಲೀಲಿ ಅಂತ ಹೇಳ್ತಿದೀನಿ, ತಪ್ಪು ತಿಳ್ಕೋಬೇಡ."

ಓಣಿಯ ಹೆಂಗಸರು ಸಾಲಾಗಿ ಬಂದು ಬೆಕ್ಕಿನ ಮೀಸೆ ಮುಟ್ಟಿ ನೋಡಿದರು. ಒಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಒರ್ತೆನ್ಸಾ ಮೇಜಿನ ಬಟ್ಟೆ ತೆಗೆದಳು, ಅದನ್ನೂ ಹೊಗಳಿದಳು. ಒಳಂಗಿಗಳ ಬಗ್ಗೆ ಮಾತ್ರ, ಪೋಪರ ಮನೆಯಲ್ಲಿ ಇವು ಯಾಕಿದ್ದವೆಂದು ವಿಚಾರಿಸದಿರುವುದು ಒಳ್ಳೆಯದೆಂದು ಹೇಳಿ ಬೇಗ ಮಡಚಿಟ್ಟಳು. ಪಾಸ್ಕ್ವಾ ಅಡುಗೆಯ ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಚಿಂಜಿಯಾ ಮುಂದೆ ಬಂದು ಮೆಲ್ಲಗೆ ಹೇಳಿದಳು. "ಅದರ ಕೆಳಗೆ ದಿಂಬಿನ ಚೀಲ ಇವೆ, ಅತ್ತೆ. ನೀಲಿ ದಾರದ್ದು ತೆಗೀರಿ. ಅದರಲ್ಲಿ ಬೆಕ್ಕಿಗೆ ಒಂದೇ ಕಿವಿ. ದಾರ ಮುಗಿದುಹೋಯ್ತು."

ಒರ್ತೆನ್ಸಾ ಬಗ್ಗಿ ಕೈ ಹಾಕಿ ನೀಲಿ ದಾರದ ಚೀಲ ತೆಗೆದಳು. ಬೆಕ್ಕಿಗೆ ಒಂದೇ ಕಿವಿ ಇತ್ತು. ಅವಳು ಬೆಕ್ಕನ್ನು ನೋಡಿದಳು, ಹುಡುಗಿಯನ್ನು ನೋಡಿದಳು, ತನ್ನ ಬಾಯಿಂದ ಆಗಲೇ ಹೊರಟುಹೋದ ಮಾತುಗಳನ್ನು ಕೇಳಿಸಿಕೊಂಡು ನಿಂತ ಇಡೀ ಓಣಿಯನ್ನು ನೋಡಿದಳು. ನಾರ್ದೋ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಒರ್ತೆನ್ಸಾ ಮಣೆಯಿಂದ ಇಳಿಯಲಿಲ್ಲ. ದಿಂಬಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದಳು.

"ಏನು ನೋಡ್ತಾ ನಿಂತಿದೀರಿ?" ಎಂದಳು. "ಪೋಪರ ಮನೇಲಿ ಯಾರ ಕಸೂತಿ ಇತ್ತು ಅಂತ ಈಗ ಗೊತ್ತಾಯ್ತಲ್ಲ? ನನ್ನ ಸೊಸೇದು."

ಪಾಸ್ಕ್ವಾಳ ಬಾಯಿಂದ ಏಪ್ರನ್ನು ಜಾರಿತು, ತಡೆದಿದ್ದ ನಗು ಅಳು ಎರಡೂ ಒಟ್ಟಿಗೆ ಬಂದವು. ಆಗ ಒರ್ತೆನ್ಸಾ ಅವಳ ಕಡೆ ತಿರುಗಿ, ಪೆಟ್ಟಿಗೆ ಶನಿವಾರ ಬರಬೇಕಿತ್ತು, ಶುಕ್ರವಾರವೇ ಬಂದಿದೆ, ಇಷ್ಟು ಅವಸರ ಏನಿತ್ತು ಎಂದು ಗದರಿಸಿದಳು. ಗದರಿಸುತ್ತಲೇ ಒಂಟಿ ಕಿವಿಯ ಬೆಕ್ಕನ್ನು ಮಡಚಿ, ಉಳಿದೆಲ್ಲ ಬಟ್ಟೆಗಳ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಳು.