ಹುಣಸೆಹಣ್ಣು ಕೇಳಲು ಬಂದವರು

ಹಿಂದೂಪುರದ ಮಂಡಿಯ ಹಿಂದಿನ ಬೀದಿಯಲ್ಲಿ ಬೆಳಗಿನ ಬಿಸಿಲು ಬೀಳುವುದು ಒಂದೇ ಕಡೆ. ನೂರು ವರ್ಷದ ಹಿಂದೆ ಹಮಾಲರಿಗೆಂದು ಕಟ್ಟಿಸಿದ ಸಾಲುಮನೆಗಳು ಅವು. ಎದುರುಬದುರು ಬಾಗಿಲಿನವರು ಕೈ ಚಾಚಿ ಸಾರಿನ ಬಟ್ಟಲು ದಾಟಿಸಿಕೊಳ್ಳುವಷ್ಟು ಇಕ್ಕಟ್ಟು. ಬೀದಿಯ ತಿರುವಿನಲ್ಲಿ, ಉಡುಸಲಮ್ಮನ ಜಗಲಿಯ ಮುಂದೆ ಮಾತ್ರ ಸೂರ್ಯನಿಗೆ ಒಳಗೆ ಬರಲು ದಾರಿಯಿತ್ತು. ಮಂಡಿಯವರು ಕೊಟ್ಟ ಹುಣಸೆಹಣ್ಣನ್ನು ಆಕೆ ಅಲ್ಲಿ ಗೋಣಿತಾಟಿನ ಮೇಲೆ ಹರವುತ್ತಿದ್ದಳು, ಒಣಗಿದ್ದನ್ನು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಎದುರುಮನೆಯ ಹಾಲೇಶ ತನ್ನ ಆಟೋ ನಿಲ್ಲಿಸುತ್ತಿದ್ದದ್ದೂ ಅಲ್ಲೇ.

ಹಾಗಾಗಿ ದಿನಾ ಜಗಳ. ಬೀದಿಯವರು ಅದನ್ನು ಕೇಳಿಕೊಂಡೇ ಕಾಫಿ ಕುಡಿಯುತ್ತಿದ್ದರು. ಒಂದು ಬೆಳಿಗ್ಗೆ ಉಡುಸಲಮ್ಮನಿಗೆ ಏನನ್ನಿಸಿತೋ, ಆಟೋದ ಸುತ್ತಲೂ ಹುಣಸೆಹಣ್ಣು ಹರವಿಬಿಟ್ಟಳು, ಯಾವ ಚಕ್ರವೂ ಅಲುಗಾಡದ ಹಾಗೆ. ಹಾಲೇಶ ಇನ್ನೂ ಎದ್ದಿರಲಿಲ್ಲ. ಅವನು ಬಾಗಿಲು ತೆಗೆದಾಗ ಅವನ ಮುಖ ಹೇಗಾಗುತ್ತದೆಂದು ನೆನೆಸಿಕೊಂಡು ಆಕೆ ಒಬ್ಬಳೇ ನಗುತ್ತಾ ಬೀಜ ಬಿಡಿಸುತ್ತಿದ್ದಳು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳು ನಡುವಯಸ್ಸಿನವಳು, ಹಣೆ ತುಂಬ ವಿಭೂತಿ. ಇನ್ನೊಬ್ಬಳು ಚೂಡಿದಾರದ ಹುಡುಗಿ.

"ಚಿಂತಪಂಡು ಎಂತಮ್ಮಾ?" ಎಂದು ದೊಡ್ಡಾಕೆ ತೆಲುಗಿನಲ್ಲಿ ಹುಣಸೆಹಣ್ಣಿನ ದರ ಕೇಳಿದಳು.

"ಇದು ಮಾರಾಕಲ್ಲ ಕಣಮ್ಮ. ಮಂಡಿಯವ್ರದು. ನಾನು ಬೀಜ ಬಿಡಿಸಿ ಕೊಡೋಳು ಅಷ್ಟೇ."

"ಓ, ಕನ್ನಡದವ್ರಾ? ಒಳ್ಳೇದಾಯ್ತು ಬಿಡಿ," ಎಂದ ಆಕೆ ಜಗಲಿಯ ಮೇಲೆ ಕೂತೇಬಿಟ್ಟಳು.

ಮಾರುವುದಿಲ್ಲ ಎಂದ ಮೇಲೂ ಕೂರುವ ಗಿರಾಕಿಯನ್ನು ಉಡುಸಲಮ್ಮ ಇದುವರೆಗೆ ಕಂಡಿರಲಿಲ್ಲ. ಆದರೆ ಮಾತಿಗೆ ಜನ ಸಿಕ್ಕರೆ ಬೇಡವೆನ್ನುವವಳೂ ಅಲ್ಲ. ಹುಡುಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಯಾರೂ ಹೇಳದೆಯೇ ಹಣ್ಣು ಬಿಡಿಸತೊಡಗಿದಳು.

"ಈ ಆಟೋ ಯಾರ್ದಮ್ಮ?" ದೊಡ್ಡಾಕೆ ಕೇಳಿದಳು.

"ಅವನ ಸುದ್ದಿ ಎತ್ತಬ್ಯಾಡಿ. ಹಾಲೇಸ ಅಂತ. ಸ್ಟಾರ್ಟ್ ಮಾಡಿ ಬೀದಿಗೆಲ್ಲ ಹೊಗೆ ಹಾಕ್ತಾನೆ. ಜೋರಾಗಿ ಹಾಡು ಹಾಕ್ತಾನೆ, ಅದೂ ದೇವ್ರ ಹಾಡಲ್ಲ. ಹೇಳಿದ ಮಾತು ಕಿವಿಗೆ ಹಾಕ್ಕಣಾಕಿಲ್ಲ."

"ಕುಡೀತಾನಾ?"

ಉಡುಸಲಮ್ಮನ ಕೈ ನಿಂತಿತು. ಹುಣಸೆಹಣ್ಣು ಕೇಳಲು ಬಂದವರಿಗೆ ಆಟೋದವನು ಕುಡಿದರೇನು, ಬಿಟ್ಟರೇನು? ಹುಡುಗಿಯ ಕಡೆ ತಿರುಗಿದಳು. ಅವಳು ತಲೆಯೆತ್ತಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಮಗನಿಗೆ ಕಲ್ಯಾಣದುರ್ಗದ ಕಡೆಯಿಂದ ಸಂಬಂಧ ಬಂದಿದೆ ಎಂದು ಹಾಲೇಶನ ತಾಯಿ ಮೊನ್ನೆ ನಲ್ಲಿಯ ಹತ್ತಿರ ಹೇಳಿದ್ದು ಆಕೆಗೆ ಥಟ್ಟನೆ ಹೊಳೆಯಿತು.

"ನೀವು ಕಲ್ಯಾಣದುರ್ಗದವ್ರಾ?"

ದೊಡ್ಡಾಕೆ ಸಿಕ್ಕಿಬಿದ್ದಳು. ಸೆರಗು ಸರಿಮಾಡಿಕೊಂಡು ಒಪ್ಪಿಕೊಂಡಳು. ತನ್ನ ಹೆಸರು ವೀರಭದ್ರಮ್ಮ, ಹುಡುಗಿ ತನ್ನ ಅಣ್ಣನ ಮಗಳು ಚಂದ್ರಕಲಾ. ಫೋಟೊ ಹಿಡಿಸಿದೆ. ಬೀದಿಯಲ್ಲಿ ಹುಡುಗನ ಹೆಸರು ಹೇಗಿದೆಯೆಂದು ಸದ್ದಿಲ್ಲದೆ ತಿಳಿದುಕೊಂಡು ಹೋಗೋಣವೆಂದು ಬಂದದ್ದು. "ಇವಳು, ನಾನೂ ಬತ್ತೀನಿ ಅಂತ ಗಂಟುಬಿದ್ಲು," ಎಂದಳು.

ಉಡುಸಲಮ್ಮನಿಗೆ ಆಗಲೇ ಎಷ್ಟೊಂದು ಹೇಳಿಬಿಟ್ಟಿದ್ದೆನಲ್ಲಾ ಎನ್ನಿಸಿತು. ಅದನ್ನು ಹೇಗೆ ತಿರುಗಿಸುವುದೆಂದು ಯೋಚಿಸುತ್ತಿರುವಾಗಲೇ ಎದುರುಬಾಗಿಲು ತೆರೆಯಿತು. ಬನಿಯನ್ನು, ಲುಂಗಿ, ಬಾಯ್ತುಂಬ ಪೇಸ್ಟಿನ ನೊರೆ; ಹಾಲೇಶ ಬ್ರಶ್ ಹೊರಗೆ ಎಳೆದು ಕೂಗಿದ.

"ಯಕ್ಕಾ, ಏನಿದು? ಆಟೋನ ಹೆಲಿಕಾಪ್ಟರ್ ಅಂದ್ಕಂಡ್ಯಾ, ಮ್ಯಾಲಕ್ಕೆ ಎಬ್ಬಿಸಾಕೆ?"

ಉಡುಸಲಮ್ಮ ಕಣ್ಣು ಮಿಟುಕಿಸಿದಳು. ಹುಬ್ಬು ಹಾರಿಸಿದಳು. ಗಲ್ಲದಿಂದ ಹುಡುಗಿಯ ಕಡೆ ತೋರಿಸಿದಳು.

"ಕಣ್ಣಿಗೇನು ಬಿತ್ತು? ಹೋಗಿ ನೀರು ಹಾಕ್ಕಾ. ಅದ್ಕೂ ಮುಂಚೆ ಇದನ್ನೆಲ್ಲ ಬಾಚು. ಇಲ್ಲಾಂದ್ರೆ ಅದ್ರ ಮ್ಯಾಲೇ ಹತ್ತಿಸ್ಕಂಡು..."

ಹುಡುಗಿ ಕಿಸಕ್ಕನೆ ನಕ್ಕಳು. ಹಾಲೇಶ ಆಗ ಅವಳನ್ನು ನೋಡಿದ. ಫೋಟೊದಲ್ಲಿದ್ದ ಮುಖ. ಬಾಯಲ್ಲಿದ್ದ ನೊರೆಯನ್ನು ಗುಟುಕ್ಕೆಂದು ನುಂಗಿಬಿಟ್ಟ.

"ಆಟೋ ಒಸಿ ಹಿಂದಕ್ಕೆ ತಳ್ಳಿದ್ರೆ ಹಣ್ಣಿಗೆ ಬಿಸ್ಲು ಬೀಳ್ತದೆ," ಎಂದಳು ಚಂದ್ರಕಲಾ, ಮೆಲ್ಲಗೆ.

ಹಾಲೇಶ ಬಗ್ಗಿ ಚಕ್ರದ ಹಿಂದಿನ ಹುಣಸೆಹಣ್ಣನ್ನು ಕೈಯಿಂದಲೇ ಬಾಚಿ ತಾಟಿಗೆ ಹಾಕಿದ, ಆಟೋವನ್ನು ತನ್ನ ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಉಡುಸಲಮ್ಮನಿಗೆ ಮೈಯೆಲ್ಲ ಉರಿಯಿತು. "ಯುಗಾದಿಯಿಂದ ಬಡ್ಕಂತಾ ಇದೀನಿ. ನಾನು ಹೇಳಿದ್ರೆ ಅಲ್ಲಾಡದ ಆಟೋ ನೋಡಿ ಅದು."

ವೀರಭದ್ರಮ್ಮನ ಮುಖ ಬಿಗಿದುಕೊಂಡಿತ್ತು. "ದಿನಾ ಹಿಂಗೇನಾ ಇವ್ನು?"

"ದಿನಾ ಹಿಂಗೇ," ಎಂದಳು ಉಡುಸಲಮ್ಮ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಒಂದಿನ ಬೈಯ್ಲಿಲ್ಲ ಅಂದ್ರೆ ಜ್ವರ ಬಂದೈತೇನೋ ಅಂತ ನಾನೇ ಹೋಗಿ ನೋಡ್ತೀನಿ. ಹೋದ ಸಲ ದಿಢೀರಂತ ಮಳೆ ಬಂದ್ಬುಡ್ತು ಕಣಮ್ಮ. ನಾನು ಸಂತೆಗೆ ಹೋಗಿದ್ದೆ. ಇವ್ನು ಲುಂಗಿ ಎತ್ತಿಕಟ್ಟಿ ಅಷ್ಟೂ ಹಣ್ಣು ಆಟೋದೊಳಕ್ಕೆ ತುಂಬಿಟ್ಟವ್ನೆ. ಆಮ್ಯಾಕೆ ವಾರಗಟ್ಲೆ ಪ್ಯಾಸೆಂಜರ್‌ಗಳು ಸೀಟಿಗೆ ಅಂಟ್ಕಂಡು, ಇವ್ನು ಎಲ್ಲರ ಹತ್ರ ಬೈಸ್ಕಂಡ. ನನ್ನೂ ಬೈದ, ಬಿಡಿ. ಬಾಯಿ ಜೋರು. ಕುಡಿಯಾಕಿಲ್ಲ. ಇನ್ನೇನು ಬೇಕು ಕೇಳಿ."

ವೀರಭದ್ರಮ್ಮ ಅಣ್ಣನ ಮಗಳ ಮುಖ ನೋಡಿದಳು. ಚಂದ್ರಕಲಾ ಅಂಟಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಿದ್ದಳು.

"ನಡಿ ಅತ್ತೆ, ಬಸ್ ಹೊಂಟೋಗ್ತದೆ," ಎಂದಳು. "ಇನ್ಯಾರ್ನೂ ಕೇಳೋದು ಬ್ಯಾಡ."

ಶ್ರಾವಣದಲ್ಲಿ ಕಲ್ಯಾಣದುರ್ಗದಲ್ಲಿ ನಿಶ್ಚಿತಾರ್ಥ. ಬೀದಿಗೆ ಬೀದಿಯೇ ವ್ಯಾನಿನಲ್ಲಿ ಹೋಯಿತು. ಉಡುಸಲಮ್ಮ ಹೊಸ ಸೀರೆಯುಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ಅಲ್ಲಿ ವೀರಭದ್ರಮ್ಮ ಆಕೆಯ ಕೈ ಹಿಡಿದು ಹೆಂಗಸರ ನಡುವೆ ಕರೆದುಕೊಂಡು ಹೋಗಿ, "ಹುಡುಗನ್ನ ನಮ್ಮೆದುರಿಗೇ ಬೈದ್ರು ಅಂದೆನಲ್ಲ, ಇವ್ರೇ," ಎಂದು ಪರಿಚಯ ಮಾಡಿಸಿದಳು. ಉಡುಸಲಮ್ಮನಿಗೆ ಭೂಮಿಗಿಳಿದು ಹೋಗುವಂತಾಯಿತು. ಆದರೆ ಹೆಂಗಸರು ನಗಲಿಲ್ಲ. ಸರಿದು ಚಾಪೆಯ ಮೇಲೆ ಜಾಗ ಮಾಡಿಕೊಟ್ಟರು. ಸ್ವಲ್ಪ ಹೊತ್ತಿಗೆ ಮದುವೆಗೆ ಬಂದ ಮಗಳಿದ್ದ ಒಬ್ಬ ತಾಯಿ ಮೊಬೈಲಿನಲ್ಲಿ ಹುಡುಗನೊಬ್ಬನ ಫೋಟೊ ಹಿಡಿದು ಹತ್ತಿರ ಬಂದಳು. ಅವಳ ಹಿಂದೆ ಇನ್ನೊಬ್ಬಳು.

"ನಿಮ್ಮ ಬೀದಿ ತಿಪ್ಪೇಶ ಹೆಂಗಮ್ಮ? ನಿಜ ಹೇಳ್ಬೇಕು ನೀವು."

ಉಡುಸಲಮ್ಮ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ನಿಧಾನವಾಗಿ ಬಾಯಿಗಿಟ್ಟುಕೊಂಡಳು.

"ಮೊದ್ಲು ಕೂತ್ಕಳಿ," ಎಂದಳು. "ನಿಂತ್ಕಂಡು ಕೇಳೋವಂಥ ಕತೆಯಲ್ಲ ಅವಂದು."